ಕೆಂಪುಸೊಪ್ಪಿನ ಮನೆಗೆ ಬಂದ ಬಸವ

ನಮ್ಮೂರಿನಲ್ಲಿ ಮದುಮಗಳು ಮನೆ ತುಂಬುವಾಗ ಅವಳ ಬಲಗಾಲಿಗಿಂತ ಮೊದಲು ಅವಳ ಬಸವ ಒಳಗೆ ಬರಬೇಕು. ಬಸವ ಎಂದರೆ ನಾಲ್ಕು ಕಾಲಿನ ಬಸವನಲ್ಲ, ಕಡಲಬಸವ. ಬೆನ್ನಿನ ಮೇಲೆ ಚಿಪ್ಪಿಲ್ಲದ, ಅಂಗೈಯಗಲದ, ಕಂದು ಮೈಮೇಲೆ ಚುಕ್ಕಿಗಳಿರುವ ಬಸವನಹುಳ. ನನ್ನ ಸೊಸೆ ಗುಲಾಬಿ ಅದನ್ನು ಮಣ್ಣಿನ ಮಡಕೆಯಲ್ಲಿ, ಕಡಲ ನೀರಿನ ಸಮೇತ, ಸೊಂಟದ ಮೇಲಿಟ್ಟುಕೊಂಡು ಬಂದಳು. ನಾನು ಆರತಿ ತಟ್ಟೆ ಬದಿಗಿಟ್ಟು ಮಡಕೆ ಇಸಿದುಕೊಂಡು ನಮ್ಮ ಕಲ್ಲಿನ ಮರಿಗೆಗೆ ಮೆಲ್ಲಗೆ ಬಗ್ಗಿಸಿದೆ. ಅದರಲ್ಲಿ ಮೊದಲೇ ನನ್ನದೊಂದು ಬಸವ, ಮಗ ಅಣ್ಣಪ್ಪನದೊಂದು ಬಸವ ಇದ್ದವು. ಎರಡೂ ಹತ್ತಿರ ಬಂದು ಹೊಸಬನನ್ನು ಮೂಸಿದವು. ಒಳ್ಳೆಯ ಲಕ್ಷಣ ಎಂದು ನೆರೆದವರೆಲ್ಲ ಹೇಳಿದರು.

ಈ ಸೀಮೆಯಲ್ಲಿ ಒಬ್ಬೊಬ್ಬರಿಗೂ ಒಂದೊಂದು ಬಸವ. ಅದು ತಲೆ ಎತ್ತಿದಾಗ ಅದರ ಮನುಷ್ಯನಿಗೆ ಹಸಿವಾಗುತ್ತದೆ. ಅದು ಸೊಪ್ಪು ಕಚ್ಚಿ ನುಂಗುವಷ್ಟು ಹೊತ್ತು ಇವನಿಗೂ ಅನ್ನ ಇಳಿಯುತ್ತದೆ. ಅದರ ಹೊಟ್ಟೆ ಬಿಗಿದು ಸೊಪ್ಪಿನಿಂದ ಹಿಂದೆ ಸರಿದರೆ ಇವನೂ ಎಲೆ ಮಡಚುತ್ತಾನೆ. ಹುಟ್ಟಿದಾಗಿನಿಂದ ಹೀಗೇ ಆದ್ದರಿಂದ ನಮಗೆ ಇದರಲ್ಲಿ ವಿಶೇಷ ಕಾಣುವುದಿಲ್ಲ. ಶಾಲೆಯಲ್ಲಿ ಮಧ್ಯಾಹ್ನದ ಗಂಟೆ ಹೊಡೆಯುವ ಮೊದಲು ಮೇಷ್ಟ್ರು ಮಕ್ಕಳ ತೊಟ್ಟಿಗೆ ಸೊಪ್ಪು ಹಾಕಿಸುತ್ತಾರೆ. ದೂರದ ಊರಿಗೆ ಹೊರಟವರು ಬಸ್ಸಿನಲ್ಲಿ ಮಡಿಲ ಮೇಲೆ ಮಡಕೆ ಇಟ್ಟುಕೊಂಡು ಕೂರುತ್ತಾರೆ, ಕಂಡಕ್ಟರ್ ಅದಕ್ಕೆ ಟಿಕೆಟ್ ಕೇಳುವುದಿಲ್ಲ. ತಾಮ್ರ ಸೋಕಿದ ನೀರು ಬಸವನಿಗೆ ವಿಷ, ಹಾಗಾಗಿ ಹಂಡೆ ಮಾರುವವನು ಊರ ಗಡಿಯಲ್ಲೇ ನಾಲ್ಕು ಬೈಗುಳ ಕೇಳಿಸಿಕೊಂಡು ಹಿಂದಿರುಗುತ್ತಾನೆ. ಯಾವ ಬಸವ ಯಾರದೆಂದು ಹೇಗೆ ಗುರುತು ಹಿಡಿಯುತ್ತೀರಿ ಎಂದು ಹೊರಗಿನವರು ಕೇಳುವುದುಂಟು. ದೇವಸ್ಥಾನದ ಬಾಗಿಲಲ್ಲಿ ರಾಶಿ ಚಪ್ಪಲಿ ಬಿದ್ದಿದ್ದರೂ ನಿಮ್ಮ ಕಾಲಿನದು ನಿಮಗೆ ಸಿಗುತ್ತದಲ್ಲ, ಹಾಗೆಯೇ ಇದೂ.

ಒಂಟಿ ಬಸವ ಸರಿಯಾಗಿ ತಿನ್ನುವುದಿಲ್ಲ. ನೀರಿನಲ್ಲಿ ಇನ್ನೊಂದರ ವಾಸನೆ ಇದ್ದರೇ ಅದಕ್ಕೆ ಬಾಯಿ ತೆರೆಯುವ ಮನಸ್ಸು. ಇದು ನನಗೆ ಅನುಭವದಿಂದ ಗೊತ್ತು. ನನ್ನ ಗಂಡ ತೀರಿಕೊಂಡಾಗ ಅವರ ಬಸವನೂ ಹೋಯಿತು, ಅಣ್ಣಪ್ಪ ತನ್ನ ಮಡಕೆ ಹಿಡಿದು ದೋಣಿಯ ಮೇಲಿದ್ದ. ನನ್ನ ಬಸವ ಮರಿಗೆಯ ತಳಕ್ಕೆ ಅಂಟಿಕೊಂಡು ಬಿದ್ದಿತು, ನಾನು ಚಾಪೆಗೆ ಅಂಟಿಕೊಂಡು ಬಿದ್ದೆ. ಆಗ ಗಂಡನ ತಂಗಿ, ಬಾಗಿ ಎಂದು ಅವಳ ಹೆಸರು, ತನ್ನ ಬಸವನನ್ನು ತಂದು ನನ್ನ ಮರಿಗೆಗೆ ಸುರಿದು, ನಾನು ಉಣ್ಣುವ ತನಕ ಇಲ್ಲೇ ಠಿಕಾಣಿ ಹೂಡಿದಳು. ಅವಳ ನಾಲಿಗೆ ಮೀನು ಕೊಯ್ಯುವ ಕತ್ತಿ, ಅದು ಊರಿಗೇ ಗೊತ್ತು. ಆದರೂ ಆ ಉಪಕಾರವನ್ನು ನಾನು ಯಾವತ್ತೂ ಮರೆತಿಲ್ಲ.

ನಮ್ಮ ಬಂದರುಕೇರಿಯ ಮನೆಗಳಲ್ಲಿ ಬಸವನಿಗೆ ಹಾಕುವುದು ಕಡಲ ಬಂಡೆಯಲ್ಲಿ ಬೆಳೆಯುವ ಕೆಂಪುಸೊಪ್ಪು. ಅದನ್ನು ತಿಂದ ಬಸವನ ಮನುಷ್ಯನಿಗೆ ಬೇಕಾಗುವುದು ಖಾರ, ಹುಳಿ, ಒಣಮೆಣಸು ಅರೆದ ಸಾರು. ಹಿನ್ನೀರಿನ ಕಡೆಯವರದು ಹಸಿರುಸೊಪ್ಪು, ತೆಳ್ಳಗೆ ಎಲೆಯಂತಿರುತ್ತದೆ. ಅವರ ಊಟವೂ ಅಷ್ಟೇ ತೆಳ್ಳಗೆ. ಕಾಯಿಹಾಲು, ಹಸಿಮೆಣಸು, ಉಪ್ಪು ಇತ್ತೋ ಇಲ್ಲವೋ ಎನ್ನುವಂಥ ಚಟ್ನಿ. ನನ್ನ ಕೆಂಪು ಮೀನುಸಾರಿನ ಹೆಸರು ಕೇಳದವರು ಈ ಕೇರಿಯಲ್ಲಿಲ್ಲ. ಯಾರ ಮನೆಯಲ್ಲಿ ಮದುವೆಯಾದರೂ ಒಲೆಯ ಮುಂದೆ ದುಗ್ಗಮ್ಮನೇ ಬರಬೇಕು ಎನ್ನುತ್ತಾರೆ. ದುಗ್ಗಮ್ಮ ಎಂದರೆ ನಾನೇ. ಹೀಗಿರುವಾಗ ನನ್ನ ಮಗ ಹಿನ್ನೀರಿನ ಹುಡುಗಿಯನ್ನು ಮೆಚ್ಚಿ ಬಂದ. ಎರಡು ಕಡೆಗೂ ಸಂಬಂಧ ಬೆಳೆದದ್ದೇ ಇಲ್ಲವಲ್ಲ ಎಂದು ಬಾಗಿ ಮೂಗು ಮುರಿದಳು. ನಾನು ಹುಡುಗಿಯನ್ನು ನೋಡಿದೆ. ನಗುವಾಗ ಕಣ್ಣು ಮುಚ್ಚಿ ನಗುತ್ತಿದ್ದಳು. ನನಗೆ ಹಿಡಿಸಿದಳು, ಮಾತು ಮುಗಿಯಿತು.

ಗಂಡಿನ ಮನೆಯ ಮದುವೆಯೂಟಕ್ಕೆ ತವರಿನವರು ಬರುವ ಹಾಗಿಲ್ಲ, ಬರುವವರು ನಮ್ಮ ಕೇರಿಯವರೇ. ಆ ದಿನ ಬಂದವರ ಬಸವಗಳನ್ನೆಲ್ಲ ಚಪ್ಪರದ ಹಿಂದಿನ ದೊಡ್ಡ ತೊಟ್ಟಿಗೆ ಬಿಡುವುದು ಪದ್ಧತಿ. ಸೊಪ್ಪನ್ನು ಹಾಗೇ ಹಾಕಿದರೆ ಅವು ಗಬಗಬನೆ ತಿಂದು ಹೊಟ್ಟೆ ತುಂಬಿಸಿಕೊಂಡುಬಿಡುತ್ತವೆ, ಪಾಯಸ ಬರುವ ಮೊದಲೇ ಪಂಕ್ತಿಗೆ ಪಂಕ್ತಿಯೇ ಏಳುತ್ತದೆ. ಅದಕ್ಕಾಗಿ ಕೆಂಪುಸೊಪ್ಪನ್ನು ಬಲೆಯ ಚೀಲದಲ್ಲಿ ಕಟ್ಟಿ ಇಳಿಬಿಡುತ್ತಾರೆ. ಪಳಗಿದ ಬಸವಗಳು ಬಲೆಯ ಕಣ್ಣಿನಿಂದ ಹೊರಬಂದ ಚೂರನ್ನು ಎಳೆದೆಳೆದು ತಿನ್ನುತ್ತವೆ, ಊಟ ನಿಧಾನವಾಗಿ ಸಾಗುತ್ತದೆ. ಚೀಲ ಕಟ್ಟುವುದರಲ್ಲಿ ಬಾಗಿಯದು ಎತ್ತಿದ ಕೈ. ಅಂದೂ ಅವಳೇ ಕಟ್ಟಿದ್ದಳು. ಊಟ ಬಹಳ ಚೆನ್ನಾಗಿ ನಡೆಯಿತು. ಮದುಮಗಳು ಮಾತ್ರ ತುತ್ತು ಬಾಯಿಗಿಡುತ್ತಾ, ಸೆರಗಿನ ಮರೆಯಲ್ಲಿ ಹೊರಗೆ ತೆಗೆಯುತ್ತಾ ಇದ್ದಳು. ನಾಚಿಕೆ ಎಂದು ನಾವೆಲ್ಲ ನಕ್ಕೆವು.

ಮರುದಿನವೂ ಅದೇ ನಾಚಿಕೆ. ಅದರ ಮರುದಿನವೂ ಅದೇ. ಬಂಗಡೆ ಸಾರು ಮಾಡಿದೆ, ಸಿಗಡಿ ಹುರಿದೆ, ಕಡೆಗೆ ಬರೀ ಗಂಜಿಗೆ ಉಪ್ಪಿನಕಾಯಿ ಇಟ್ಟೆ. ಯಾವುದೂ ಅವಳ ಗಂಟಲಿನಲ್ಲಿ ಇಳಿಯಲಿಲ್ಲ. ಎಳನೀರು ಕುಡಿಯುತ್ತಿದ್ದಳು, ಗಂಜಿತಿಳಿ ಕುಡಿಯುತ್ತಿದ್ದಳು. ಕುಡಿಯುವುದಕ್ಕೆ ಬಸವನ ಅಪ್ಪಣೆ ಬೇಕಾಗಿಲ್ಲ. ಆದರೆ ಅದರ ಮೇಲೆ ಒಂದು ಜೀವ ಎಷ್ಟು ದಿನ ನಿಂತೀತು? ಕೈಬಳೆ ಮೊಣಕೈಗೆ ಜಾರತೊಡಗಿತು. ಅಣ್ಣಪ್ಪ ದೋಣಿಗೆ ಹೋಗುವುದನ್ನು ಬಿಟ್ಟು ಮರಿಗೆಯ ಪಕ್ಕದಲ್ಲೇ ಕೂತ.

ಬಾಗಿ ದಿನಕ್ಕೊಮ್ಮೆ ಬಂದು ನೋಡಿಹೋಗುತ್ತಿದ್ದಳು. "ಅತ್ತಿಗೆ, ನಾನು ಮೊದ್ಲೇ ಹೇಳಿದ್ದೆ. ಹಿನ್ನೀರಿನವ್ರಿಗೆ ನಮ್ಮ ಖಾರ ತಡೀತದಾ? ನಿನ್ನ ಸಾರು ಅಂದ್ರೆ ಆ ಹುಡುಗಿಗೆ ತಾತ್ಸಾರ, ಅಷ್ಟೇ. ಅಮಾಸೆ ಹತ್ರ ಬಂತು, ಅವಳ ಅಪ್ಪನಿಗೆ ಹೇಳಿ ಕಳಿಸು."

ಅಮಾವಾಸ್ಯೆಯ ಮಾತು ಬರೀ ಬೆದರಿಕೆಯಲ್ಲ. ಮನೆಗೆ ಬಂದ ಸೊಸೆಯ ಬಸವ ಮೊದಲ ಅಮಾವಾಸ್ಯೆಯೊಳಗೆ ಆ ಮನೆಯ ಸೊಪ್ಪು ಹಿಡಿಯದಿದ್ದರೆ ತವರಿನವರು ಮಡಕೆ ತಂದು ಬಸವನನ್ನೂ ಮಗಳನ್ನೂ ಕರೆದುಕೊಂಡು ಹೋಗಬೇಕು. ಹೋದವಳು ತಿರುಗಿ ಬರುವ ಹಾಗಿಲ್ಲ. ಹಳೆಯ ಕಾಲದಲ್ಲಿ ಯಾವುದೋ ಹುಡುಗಿಯ ಜೀವ ಉಳಿಸಲೆಂದೇ ಮಾಡಿದ ಕಟ್ಟಳೆ ಇರಬೇಕು. ನಾನು ಅದನ್ನು ದೂರುವುದಿಲ್ಲ. ಆದರೆ ನನ್ನ ಸೊಸೆ ಹಾಗೆ ಹೋಗುವುದು ನನಗೆ ಬೇಕಿರಲಿಲ್ಲ.

ಸೊಸೆಗೆ ತಾತ್ಸಾರ ಎಂಬ ಮಾತನ್ನೂ ನಾನು ನಂಬಲಿಲ್ಲ. ನನ್ನ ಸಾರನ್ನು ತಾತ್ಸಾರ ಮಾಡುವವರು ಹುಟ್ಟಿಲ್ಲ ಎಂಬ ಜಂಬವೂ ಅದರಲ್ಲಿ ಸ್ವಲ್ಪ ಇತ್ತೆನ್ನಿ. ಒಂದು ಬೆಳಿಗ್ಗೆ ಮಣೆ ಹಾಕಿಕೊಂಡು ಮರಿಗೆಯ ಮುಂದೆಯೇ ಕೂತೆ, ಗುಲಾಬಿಯನ್ನು ಎದುರಿಗೆ ಕೂರಿಸಿಕೊಂಡೆ. ಅವಳ ಮುಂದೆ ಅನ್ನ ಸಾರು ಇಟ್ಟು, ಮರಿಗೆಗೆ ಒಂದು ಹಿಡಿ ಕೆಂಪುಸೊಪ್ಪು ಹಾಕಿದೆ. ಅವಳ ಬಸವ ಮೂಲೆಯಲ್ಲಿ ಮುದುಡಿತ್ತು. ಸೊಪ್ಪಿನ ವಾಸನೆ ನೀರಿಗೆ ಇಳಿಯುತ್ತಿದ್ದಂತೆ ತಲೆ ಎತ್ತಿತು. ತಲೆಯ ಮೇಲಿನ ಮೆತ್ತನೆಯ ಕೋಡು ನಿಗುರಿಸಿ ಆಚೆಗೊಮ್ಮೆ ಈಚೆಗೊಮ್ಮೆ ತಲೆ ಆಡಿಸುತ್ತಾ ಸೊಪ್ಪಿನ ಕಡೆಗೇ ಬಂತು. ಗುಲಾಬಿಯ ಹೊಟ್ಟೆ ಗುಡುಗುಟ್ಟಿದ್ದು ನನಗೆ ಕೇಳಿಸಿತು. ಅವಳು ಆಸೆಯಿಂದಲೇ ತುತ್ತು ಎತ್ತಿದಳು. ಅತ್ತ ಸೊಪ್ಪು ಬಸವನ ತುಟಿಗೆ ತಾಗಿತು, ಇತ್ತ ಅನ್ನ ಇವಳ ತುಟಿಗೆ ತಾಗಿತು. ಎರಡೂ ತಲೆಗಳು ಒಟ್ಟಿಗೇ ಪಕ್ಕಕ್ಕೆ ತಿರುಗಿದವು.

"ಎಂತ ಆಗ್ತದೆ ಮಗಾ ನಿಂಗೆ? ಹಸಿವಿಲ್ವಾ?"

"ಹಸಿವು ಉಂಟು ಅತ್ತೆ. ಹೊಟ್ಟೆ ಸುಡ್ತಾ ಉಂಟು. ಸಾರಿನ ಪರಿಮಳ ಬಂದ್ರೆ ಬಾಯಲ್ಲಿ ನೀರು ಬರ್ತದೆ. ತುಟಿಗೆ ತಾಗಿದ ಕೂಡ್ಲೆ ಮಾತ್ರ ಬೇಡ ಬೇಡ ಅನ್ನಿಸ್ತದೆ. ನುಂಗಿದ್ರೆ ಗಂಟ್ಲಲ್ಲಿ ಸಿಕ್ಕಿ ಸಾಯ್ತೆನೋ ಅಂತ." ಅವಳ ಕಣ್ಣು ತುಂಬಿತು. "ನಿಮ್ಮ ಅಡಿಗೆಗೆ ಹೆಸರಿಡೂದಲ್ಲ ಅತ್ತೆ ನಾನು."

ನನಗೆ ನನ್ನ ಅಜ್ಜಿಯ ನೆನಪಾಯಿತು. ಸತ್ತ ಬಸವನೊಂದನ್ನು ಸೀಳಿ ಅವಳು ಅದರ ಗಂಟಲಿನ ಸುತ್ತ ಇರುವ ನರದ ಸರವನ್ನು ನನಗೆ ತೋರಿಸಿದ್ದಳು. ಕಿತ್ತಳೆ ಬಣ್ಣದ ಕಾಳುಗಳನ್ನು ಪೋಣಿಸಿದ ಹಾಗಿತ್ತು. ಬಸವನಿಗೆ ನಮ್ಮ ಹಾಗೆ ತಲೆ ತುಂಬ ಮಿದುಳಿಲ್ಲ, ಇರುವ ಬುದ್ಧಿಯೆಲ್ಲ ಗಂಟಲಿನ ಸುತ್ತಲೇ ಎಂದಿದ್ದಳು. ಒಂದು ಕಾಳು ತಲೆ ಎತ್ತಿಸುತ್ತದೆ, ಒಂದು ಕಚ್ಚಿಸುತ್ತದೆ, ಒಂದು ಉಗುಳಿಸುತ್ತದೆ, ಹೊಟ್ಟೆ ಬಿಗಿದಾಗ ಸಾಕು ಎನ್ನಲು ಇನ್ನೊಂದು. ಆಸೆ ಹುಟ್ಟಿಸುವುದೇ ಬೇರೆ, ನುಂಗಿಸುವುದೇ ಬೇರೆ. ಗುಲಾಬಿಯ ಬಸವನಿಗೆ ಆಸೆ ನೆಟ್ಟಗಿತ್ತು. ಕಾಯಿಲೆ ಬಿದ್ದ ಬಸವ ಹೀಗೆ ಕೋಡು ನಿಗುರಿಸಿ ಬರುವುದಿಲ್ಲ. ಕೆಟ್ಟದ್ದು ತುಟಿಯ ಹತ್ತಿರ. ತುಟಿಗೆ ಈ ಬುದ್ಧಿ ಕಲಿಸಿದವರು ಯಾರು ಎಂಬುದು ಮಾತ್ರ ನನಗೆ ಹೊಳೆಯಲಿಲ್ಲ.

ಅಮಾವಾಸ್ಯೆಯ ಹಿಂದಿನ ಸಂಜೆ ನಾನು ಸೊಪ್ಪು ತೊಳೆದುಕೊಂಡು ಬರುವಷ್ಟರಲ್ಲಿ ಅಣ್ಣಪ್ಪ ಮರಿಗೆಯ ಮೇಲೆ ಬಗ್ಗಿದ್ದ. ಒಂದು ಕೈಯಲ್ಲಿ ಗುಲಾಬಿಯ ಬಸವ, ಇನ್ನೊಂದರಲ್ಲಿ ಸುಳ್ಳುಮುದ್ದೆ ತುಂಬಿದ ನಳಿಗೆ. ಸುಳ್ಳುಮುದ್ದೆ ಎಂದರೆ ಬೇರೊಂದು ಜಾತಿಯ ಬಂಡೆಸೊಪ್ಪನ್ನು ಬೇಯಿಸಿ ಹಾಲುಬಾಯಿಯ ಹಾಗೆ ಗಟ್ಟಿ ಮಾಡಿದ ಬಿಳಿ ಮುದ್ದೆ. ಅದರಲ್ಲಿ ಸತ್ವ ಏನೂ ಇಲ್ಲ. ದೋಣಿ ಇಳಿಯದ ಕೆಟ್ಟ ದಿನಗಳಲ್ಲಿ ಊರವರು ಅದನ್ನು ಬಸವನ ಹೊಟ್ಟೆಗೆ ತುಂಬುತ್ತಿದ್ದರು. ಹೊಟ್ಟೆ ಬಿಗಿದರೆ ಬಸವನಿಗೆ ಸಾಕು, ಒಳಗೆ ಹೋದದ್ದು ಏನೆಂದು ಅದು ವಿಚಾರಿಸುವುದಿಲ್ಲ. ಮನುಷ್ಯನೂ ತೇಗಿ ಮಲಗುತ್ತಾನೆ. ನಮ್ಮ ಹಿಂದಿನ ಮನೆಯ ಮುದುಕ ಹಾಗೇ ತೇಗುತ್ತ ತೇಗುತ್ತ ಒಣಗಿ ಸತ್ತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

"ಇಡು ಅದನ್ನ ಕೆಳಗೆ," ಎಂದೆ.

"ಅಮ್ಮ, ಅವಳ ಸಂಕಟ ನೋಡೂಕೆ ಆಗೂದಿಲ್ಲ ನಂಗೆ. ಇವತ್ತೊಂದಿನ ಹೊಟ್ಟೆ ತುಂಬಿದ ಹಾಗಾದ್ರೂ ಆಗ್ಲಿ."

ಗೋಡೆಗೆ ಒರಗಿ ಮೊಣಕಾಲನ್ನು ಹೊಟ್ಟೆಗೆ ಒತ್ತಿಕೊಂಡಿದ್ದ ಗುಲಾಬಿಯೂ ಅಂದಳು, "ಹಾಕ್ಲಿ ಅತ್ತೆ. ಸ್ವಲ್ಪ ಹೊತ್ತು ನಿದ್ದೆ ಆದ್ರೂ ಬರ್ತದೆ."

"ಇಲ್ಲ. ಹಸಿವು ಉಂಟು ಅಂದ್ರೆ ಇವಳು ಇನ್ನೂ ನಮ್ಮ ಕೈಯಲ್ಲಿದ್ದಾಳೆ ಅಂತ. ಅದೊಂದನ್ನೂ ತೆಗೆದುಬಿಟ್ರೆ ಆಮೇಲೆ ಯಾವುದನ್ನ ಹಿಡ್ಕೊಂಡು ಎಳೆಯೂದು ಇವಳನ್ನ?" ನಳಿಗೆ ಕಿತ್ತುಕೊಂಡು ಮುದ್ದೆಯನ್ನು ಅಂಗಳಕ್ಕೆ ಎಸೆದೆ. ಕಾಗೆ ಕೂಡ ಮೂಸಲಿಲ್ಲ. ಅಣ್ಣಪ್ಪ ಗಂಡಸು ಎಂಬುದನ್ನು ಮರೆತು ಅತ್ತ. ನಾನು ಅಳಲಿಲ್ಲ, ನನಗೆ ಸಿಟ್ಟು ಬಂದಿತ್ತು. ಒಂದು ಹುಳದ ತುಟಿ ನನ್ನ ಮನೆ ಒಡೆಯುವುದನ್ನು ಸುಮ್ಮನೆ ನೋಡುತ್ತಾ ಕೂರುವ ಹೆಂಗಸು ನಾನಲ್ಲ.

ಅಮಾವಾಸ್ಯೆಯ ಬೆಳಿಗ್ಗೆ ಬಾಗಿ ಬಂದಳು. ಬೀಗರು ಬರುವಾಗ ಮನೆಯ ಪರವಾಗಿ ಇನ್ನೊಬ್ಬರು ಇರಲಿ ಎಂದು ತಾನಾಗಿಯೇ ಬಂದದ್ದು. ಸುಮ್ಮನೆ ಕೂರುವ ಜಾಯಮಾನ ಅವಳದಲ್ಲ. ಇನ್ನೊಂದು ಮದುವೆಗೆ ಬೇಕಾದ ಬಲೆಯ ಚೀಲವನ್ನು ಮಡಿಲಲ್ಲಿ ಹರಡಿಕೊಂಡು ಜಗಲಿಯಲ್ಲಿ ಗಂಟು ಹಾಕತೊಡಗಿದಳು. ನನ್ನ ಮುಖ ನೋಡಿ, ನಗಿಸಬೇಕು ಅನ್ನಿಸಿತೋ ಏನೋ.

"ಅವತ್ತು ನಿನ್ನ ಸೊಸೆಯ ಬಸವನ ಹಟ ನೀನು ನೋಡ್ಬೇಕಿತ್ತು ಅತ್ತಿಗೆ. ನೀನು ಒಲೆ ಹತ್ರ ಇದ್ದೆ. ನಮ್ಮವೆಲ್ಲ ಹೊರಗೆ ಬಂದ ಚೂರು ಎಳ್ಕೊಂಡು ತಿಂತಿದ್ವು. ಅದು ಚೀಲವನ್ನೇ ನುಂಗೂಕೆ ಹೊರಟಿತು ಮಾರಾಯ್ತಿ. ಬಾಯಿಗೆ ತುಂಬ್ಕೊಳ್ಳೂದು, ಗಂಟ್ಲಿಗೆ ಸಿಕ್ಕಿ ಉಗುಳೂದು, ಮತ್ತೆ ತುಂಬ್ಕೊಳ್ಳೂದು. ಕಡೆ ಪಂಕ್ತಿ ಏಳುವ ತನಕ ಇದೇ ಆಯ್ತು. ಆಮೇಲೆ ಸೋತು ಮೂಲೆ ಸೇರ್ತು. ಮತ್ತೆ ಚೀಲದ ಹತ್ರ ಸುಳೀಲೇ ಇಲ್ಲ."

ನಾನು ಕೂತಲ್ಲಿಂದ ಎದ್ದೆ. "ಬಾಗಿ, ಅವಳ ಬಸವ ಅದಕ್ಕೆ ಮೊದ್ಲು ಯಾವತ್ತಾದ್ರೂ ಕೆಂಪುಸೊಪ್ಪು ಕಂಡಿತ್ತಾ?"

"ಹಿನ್ನೀರಲ್ಲಿ ಕೆಂಪು ಎಲ್ಲಿಂದ ಬರ್ಬೇಕು?"

"ಅಂದ್ರೆ ಅದು ಕೆಂಪನ್ನ ಮೊದ್ಲು ಬಾಯಿಗೆ ಹಾಕಿದ್ದೇ ನಿನ್ನ ಬಲೆಯೊಳಗೆ. ಕೆಂಪು ಅಂದ್ರೆ ಗಂಟ್ಲಿಗೆ ಸಿಕ್ಕುವಂಥದ್ದು, ನುಂಗೂಕೆ ಆಗದ್ದು ಅಂತ ಅವತ್ತೇ ಕಲ್ತುಬಿಟ್ಟಿದೆ. ಈಗ ಬಿಡಿಸಿ ಹಾಕಿದ್ರೂ ನಂಬೂದಿಲ್ಲ."

ಬಾಗಿಯ ಕೈ ನಿಂತಿತು. ಮಡಿಲಿನ ಬಲೆಯನ್ನೇ ನೋಡಿದಳು. "ನಂಗೆ ಗೊತ್ತಿತ್ತಾ ಅತ್ತಿಗೆ?" ಎಂದಳು, ಅವಳ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಯಾರಿಗೂ ಗೊತ್ತಿರ್ಲಿಲ್ಲ. ಹಸಿರು ತಿಂದು ಬೆಳೆದದ್ದು ನಮ್ಮ ತೊಟ್ಟಿಗೆ ಯಾವತ್ತು ಬಂದಿತ್ತು?"

ಕಲಿತದ್ದನ್ನು ಬಸವ ಕಾಲ ಕಳೆದ ಹಾಗೆ ಮರೆಯಬಹುದಿತ್ತು. ಆದರೆ ಗುಲಾಬಿಯ ಮೈಯಲ್ಲಿ ಅಷ್ಟು ಕಾಲ ಕಾಯುವ ಕಸುವು ಉಳಿದಿರಲಿಲ್ಲ. ಹಾಗೆಂದು ಅವಳ ಬಸವನನ್ನು ಬೇರೆ ಮಡಕೆಯಲ್ಲಿಟ್ಟು ಹಸಿರು ಕೊಟ್ಟರೆ ಒಂಟಿಯಾಗಿ ಅದು ತಿನ್ನುವುದಿಲ್ಲ. ಮೂರೂ ಒಟ್ಟಿಗಿರಬೇಕು, ಕೆಂಪಿನ ವಾಸನೆಯೂ ನೀರಿನಲ್ಲಿ ಇರಬಾರದು. ಉಳಿದದ್ದು ಒಂದೇ ದಾರಿ. ಅದು ನನಗೆ ತಕ್ಷಣ ಹೊಳೆಯಿತು, ಹೊಳೆದ ಕೂಡಲೇ ಅಡಿಗೆಮನೆಯ ಕಡೆ ತಿರುಗಿ ನೋಡಿದೆ. ಒಲೆಯ ಮೇಲೆ ನನ್ನ ಸಾರು ಕೊತಕೊತ ಕುದಿಯುತ್ತಿತ್ತು.

ಅಷ್ಟರಲ್ಲಿ ಗುಲಾಬಿಯ ಅಪ್ಪ ಶೀನಯ್ಯ ಅಂಗಳಕ್ಕೆ ಬಂದರು. ಒಂದು ಕೈಯಲ್ಲಿ ಮಡಕೆ, ಇನ್ನೊಂದರಲ್ಲಿ ಬಾಳೆಲೆಯ ಬುತ್ತಿ. ಮಗಳನ್ನು ನೋಡಿ ಬುತ್ತಿಯನ್ನು ಜಗಲಿಯ ಮೇಲಿಟ್ಟು ಅವಳ ತಲೆ ಸವರಿದರು. ಮಡಕೆಯಲ್ಲಿ ಕಡಲ ನೀರು, ಅದರ ಮೇಲೆ ಹಿನ್ನೀರಿನ ಹಸಿರುಸೊಪ್ಪು ತೇಲುತ್ತಿತ್ತು, ದಾರಿಯಲ್ಲಿ ಮಗಳ ಬಸವ ಏನಾದರೂ ತಿಂದೀತೆಂದು. ಬುತ್ತಿಯೂ ಅದೇ ಆಸೆಯಿಂದ ಕಟ್ಟಿಸಿದ್ದು.

"ದುಗ್ಗಕ್ಕ, ಕಟ್ಟಳೆ ಕಟ್ಟಳೆಯೇ. ನಿಮ್ಮ ಮೇಲೆ ನಂಗೆ ಬೇಜಾರಿಲ್ಲ. ಕರ್ಕೊಂಡು ಹೋಗ್ತೆ."

"ಮನೆಯ ಸೊಪ್ಪು ಹಿಡೀದಿದ್ರೆ ಅಲ್ವಾ ಕರ್ಕೊಂಡು ಹೋಗೂದು? ಆ ಮಡಕೆ ಇಲ್ಲಿ ಕೊಡಿ ಬೀಗ್ರೇ," ಎಂದು ಕೈ ಚಾಚಿದೆ. "ಅಣ್ಣಪ್ಪ, ಮರಿಗೆಯ ನೀರು ಚೆಲ್ಲಿ ಹೊಸ ನೀರು ತುಂಬು. ಒಂದು ಎಳೆ ಕೆಂಪು ಉಳೀಬಾರ್ದು."

ಬಾಗಿಗೆ ಅರ್ಥವಾಯಿತು. ಓಡಿಬಂದು ನನ್ನ ತೋಳು ಹಿಡಿದಳು. "ಬೇಡ ಅತ್ತಿಗೆ. ಈ ಮರಿಗೆಗೆ ಹಸಿರು ಬಿದ್ರೆ ನಿನ್ನ ಬಸವನೂ ಅದನ್ನೇ ತಿಂತದೆ. ನಿನ್ನ ಸಾರು ನಿಂಗೇ ಬೇಡ ಆಗ್ತದೆ. ನಾಳೆ ಮದುವೆಮನೆ ಒಲೆ ಮುಂದೆ ರುಚಿ ನೋಡೂಕೆ ನಾಲಿಗೆ ಬೇಡ್ವಾ ನಿಂಗೆ?"

"ನಾಲಿಗೆ ಹೋದ್ರೆ ಕೈ ಉಂಟು. ಇಷ್ಟು ವರ್ಷ ಉಪ್ಪು ಖಾರ ಹಾಕಿದ ಕೈ, ಅದಕ್ಕೆ ಅಂದಾಜು ಗೊತ್ತಿಲ್ವಾ? ಇನ್ನು ಈ ಮನೆಯ ಸೊಪ್ಪು ಇದೇ." ಹಾಗೆಂದದ್ದು ಬಾಯಿಮಾತಿಗೆ. ಒಳಗೊಳಗೇ ನನಗೆ ಭಯವಾಗಿತ್ತು. ನನ್ನ ಸಾರಿನ ರುಚಿ ಬಿಟ್ಟರೆ ನನ್ನದು ಎಂದು ಹೇಳಿಕೊಳ್ಳುವುದಕ್ಕೆ ನನ್ನಲ್ಲಿ ಬೇರೆ ಏನಿತ್ತು? ಆದರೂ ಹಸಿರುಸೊಪ್ಪನ್ನು ಎರಡೂ ಕೈಯಲ್ಲಿ ಎತ್ತಿ ಮರಿಗೆಗೆ ಹಾಕಿದೆ.

ಎಲ್ಲರೂ ಸುತ್ತ ನಿಂತೆವು. ಗುಲಾಬಿಯ ಬಸವ ಹೊಸ ನೀರಿನಲ್ಲೂ ಮೂಲೆಯನ್ನೇ ಹುಡುಕಿಕೊಂಡು ಹೋಯಿತು. ಅಣ್ಣಪ್ಪನದು ಸೊಪ್ಪಿನ ಸುತ್ತ ಅನುಮಾನದಿಂದ ಸುತ್ತಿತು. ನನ್ನದು, ಯಜಮಾನಿಯ ಸ್ವಭಾವವೇ ಅದಕ್ಕೂ ಬಂದಿರಬೇಕು, ನೇರವಾಗಿ ಹೋಗಿ ಬಾಯಿ ಹಾಕಿತು. ನನ್ನ ಹೊಟ್ಟೆಯಲ್ಲಿ ಯಾವತ್ತೂ ಅರಿಯದ ಹಸಿವೊಂದು ಎದ್ದಿತು. ಖಾರದ ಹಸಿವಲ್ಲ, ಏನೋ ತಂಪಾದುದರ ಹಸಿವು. ಅಣ್ಣಪ್ಪನದೂ ಕಚ್ಚಿತು. ಎರಡು ಬಸವಗಳು ತಿನ್ನುವ ವಾಸನೆ ನೀರಿನಲ್ಲಿ ಹರಡಿರಬೇಕು, ಮೂಲೆಯದು ತಲೆ ಎತ್ತಿತು. ಕೋಡು ನಿಗುರಿಸಿ ಮೆಲ್ಲಗೆ ಬಂತು. ತುಟಿಗೆ ಸೊಪ್ಪು ತಾಗಿತು. ತಾಗಿ ಹಾಗೇ ನಿಂತಿತು. ಶೀನಯ್ಯ ಕಣ್ಣು ಮುಚ್ಚಿಕೊಂಡರು. ಆಮೇಲೆ ಬಸವ ಬಾಯಿ ತೆರೆಯಿತು, ಕಚ್ಚಿತು, ಎಳೆಯಿತು, ನುಂಗಿತು. ಒಂದು ಇಡೀ ಎಲೆ ಒಳಗೆ ಹೋಗಿ ಮುಗಿಯುವ ಮೊದಲೇ ಇನ್ನೊಂದಕ್ಕೆ ತಲೆ ಚಾಚಿತು.

"ಅತ್ತೆ," ಗುಲಾಬಿ ನನ್ನ ಸೆರಗು ಹಿಡಿದೆಳೆದಳು, "ಊಟ ಕೊಡಿ."

ನಾನು ಗೆದ್ದ ಠೀವಿಯಲ್ಲಿ ಅಡಿಗೆಮನೆಗೆ ನುಗ್ಗಿದೆ. ಅಲ್ಲಿ ಇದ್ದದ್ದು ಬರೀ ಕೆಂಪುಸಾರು. ಅನ್ನಕ್ಕೆ ಇನ್ನೂ ನೀರಿಟ್ಟಿರಲಿಲ್ಲ. ನಿಂತು ಆ ಸಾರಿನ ಪಾತ್ರೆ ನೋಡಿದೆ, ಅದರ ಹಬೆ ಮೂಗಿಗೆ ಬಡಿಯಿತು. ಮೊದಲ ಬಾರಿಗೆ ನನಗೆ ಅದು ಬೇಡವೆನಿಸಿತು. ಇಷ್ಟೆಲ್ಲ ಬುದ್ಧಿ ಓಡಿಸಿದವಳಿಗೆ ಹಸಿದ ಹುಡುಗಿಯ ಎಲೆಗೆ ಬಡಿಸುವುದೇನು ಎಂಬ ಯೋಚನೆ ಬಂದಿರಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಹೊರಗೆ ಬಂದಾಗ ಶೀನಯ್ಯ ಬುತ್ತಿಯ ದಾರ ಬಿಚ್ಚುತ್ತಿದ್ದರು. ಕುಚ್ಚಲಕ್ಕಿ ಅನ್ನದ ಉಂಡೆಗಳು, ಹಸಿಮೆಣಸಿನ ಕಾಯಿಚಟ್ನಿ. ಮಗಳನ್ನು ಕರೆದೊಯ್ಯುವ ದಾರಿಗೆಂದು ಕಟ್ಟಿಸಿ ತಂದದ್ದನ್ನು ಅವರು ನನ್ನ ಜಗಲಿಯಲ್ಲೇ ಹರಡಿದರು.

ಗುಲಾಬಿ ಒಂದು ಉಂಡೆ ಮುರಿದು ಬಾಯಿಗಿಟ್ಟಳು. ಅಗಿದಳು. ಅಣ್ಣಪ್ಪ ಮುಂದಕ್ಕೆ ಬಗ್ಗಿದ. ಅವಳ ಗಂಟಲು ಒಮ್ಮೆ ಏರಿ ಇಳಿಯಿತು. ಇನ್ನೊಂದು ತುತ್ತು, ಮತ್ತೊಂದು. ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಅವಳು ತಿನ್ನುವುದನ್ನು ನಿಲ್ಲಿಸಲಿಲ್ಲ. ಬಾಗಿ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಾ ಕಂಬದ ಕಡೆ ತಿರುಗಿ ನಿಂತಳು. ಅಣ್ಣಪ್ಪನಿಗೊಂದು ಉಂಡೆ ಕೊಟ್ಟ ಮೇಲೆ ಗುಲಾಬಿ ನನ್ನ ಕಡೆ ನೋಡಿದಳು.

"ನಿಮ್ಮ ಬಸವನೂ ತಿಂತಾ ಉಂಟಲ್ಲ ಅತ್ತೆ. ಕೈ ಹಿಡೀರಿ."

ಇನ್ನೊಬ್ಬರ ಮನೆಯ ಅಡಿಗೆಗೆ ನಾನು ಕೈ ಚಾಚಿದವಳಲ್ಲ. ಅಂದು ಚಾಚಿದೆ. ಉಂಡೆಯ ಚೂರಿಗೆ ಚಟ್ನಿ ಹಚ್ಚಿ ಅವಳು ಕೈಗಿಟ್ಟಳು, ನಾನು ಬಾಯಿಗೆ ಹಾಕಿಕೊಂಡೆ. ಉಪ್ಪು ಕಡಿಮೆಯಿತ್ತು. ಉಪ್ಪು ಕಡಿಮೆಯಾದರೆ ದೇವರ ನೈವೇದ್ಯಕ್ಕೂ ಹೇಳದೆ ಬಿಟ್ಟವಳಲ್ಲ ನಾನು. ಆದರೆ ಅಂದು ನನ್ನ ಬಾಯಿಂದ ಬಂದದ್ದು ಬೇರೆ ಮಾತು.

"ಇನ್ನೊಂದು ಚೂರು ಉಂಟಾ ಮಗಾ?"